ಪರದೆಯ ಒಳಗೂ ಕಾನೂನನ್ನು ಒಯ್ದವರು: ಕಾರ್ನೀಲಿಯಾ ಸೊರಾಬ್ಜಿ



ಈ ಸಂಚಿಕೆಗೆ ಒಬ್ಬ ಸಾಧಕರ ಜೀವನ ಚರಿತ್ರೆ ಬರೆದುಕೊಡಬೇಕೆಂದು ನಮ್ಮ ಕನ್ನಡ ಮೇಡಂ ಹೇಳಿದಾಗ ತರಗತಿಯಲ್ಲಿ ಹಲವರು ಅಬ್ದುಲ್ ಕಲಾಂ, ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್, ಸಾವಿತ್ರಿಬಾಯಿ ಫುಲೆ ಅವರ ಹೆಸರು ಬರೆಸಿದರು. ನಾನು ಬರೆಸಿದ್ದು ಒಬ್ಬ ವಕೀಲೆಯ ಹೆಸರು. ಪಿಯುಸಿ ಮುಗಿದ ಮೇಲೆ ಕಾನೂನು ಓದಬೇಕೆಂಬುದು ನನ್ನ ಆಸೆ. ಈ ಆಸೆ ಹೇಳಿಕೊಂಡಾಗಲೆಲ್ಲ ಮನೆಗೆ ಬಂದ ನೆಂಟರು ಒಂದೇ ಪ್ರಶ್ನೆ ಕೇಳುತ್ತಾರೆ. ಹೆಣ್ಣುಮಗಳಿಗೆ ಕೋರ್ಟು ಕಚೇರಿಯ ಓಡಾಟ ಯಾಕೆ, ಟೀಚರ್ ಆಗಬಾರದೇ ಎಂದು. ನೂರು ವರ್ಷಗಳಿಗೂ ಹಿಂದೆ ಇದೇ ಪ್ರಶ್ನೆಯನ್ನು ನೆಂಟರಲ್ಲ, ಹೈಕೋರ್ಟಿನ ನ್ಯಾಯಾಧೀಶರೇ ಕೇಳಿದ್ದರು. ಅದಕ್ಕೆ ಉತ್ತರ ಕೊಡಲು ಕಾರ್ನೀಲಿಯಾ ಸೊರಾಬ್ಜಿ ಎಂಬ ಮಹಿಳೆಗೆ ಸುಮಾರು ಮೂವತ್ತು ವರ್ಷ ಬೇಕಾಯಿತು.

ಬಾಲ್ಯ ಮತ್ತು ಓದು

ಕಾರ್ನೀಲಿಯಾ ಹುಟ್ಟಿದ್ದು 1866ರ ನವೆಂಬರ್ 15ರಂದು ನಾಸಿಕದಲ್ಲಿ. ತಂದೆ ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತ ಧರ್ಮಕ್ಕೆ ಸೇರಿ ಪಾದ್ರಿಯಾದವರು. ತಾಯಿ ಫ್ರಾನ್ಸಿನಾ ಪುಣೆಯಲ್ಲಿ ಶಾಲೆ ತೆರೆದು ಎಲ್ಲ ಜಾತಿ ಧರ್ಮದ ಮಕ್ಕಳಿಗೂ ಒಟ್ಟಿಗೆ ಪಾಠ ಹೇಳಿಸಿದವರು. ಕಾರ್ನೀಲಿಯಾ ಅವರ ಬಾಲ್ಯದ ಮೊದಲ ದಿನಗಳು ಕಳೆದದ್ದು ನಮ್ಮ ಬೆಳಗಾವಿಯಲ್ಲಿ. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆಮೇಲೆ ಕುಟುಂಬ ಪುಣೆಗೆ ಹೋಯಿತು. ಆ ಮನೆಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರೆಲ್ಲ ಓದಲೇಬೇಕು ಎಂಬುದು ತಂದೆತಾಯಿಯ ಹಟ. ಮುಂದೆ ತಂಗಿ ಆಲಿಸ್ ವೈದ್ಯೆಯಾದರು, ಇನ್ನೊಬ್ಬ ಸಹೋದರಿ ಸೂಸಿ ಶಿಕ್ಷಣಕ್ಕೆ ಬದುಕನ್ನು ಕೊಟ್ಟರು.

ಕಾರ್ನೀಲಿಯಾ ವಕೀಲಿ ವೃತ್ತಿಯ ಕಡೆಗೆ ಮನಸ್ಸು ಮಾಡಿದ್ದು ಚಿಕ್ಕಂದಿನಲ್ಲಿ ಕಂಡ ಒಂದು ಸಂಗತಿಯಿಂದ ಎಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಅವರ ತಾಯಿಯ ಬಳಿ ಕಷ್ಟ ಹೇಳಿಕೊಳ್ಳಲು ಒಬ್ಬ ಶ್ರೀಮಂತ ವಿಧವೆ ಬಂದಿದ್ದರು. ಅವರ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಕಾರಭಾರಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಕೊಂಡಿದ್ದ. ಆ ಕಾಗದದಲ್ಲಿ ಏನಿದೆ ಎಂದು ಓದಿ ಹೇಳುವವರು ಆಕೆಯ ಪಕ್ಕದಲ್ಲಿ ಯಾರೂ ಇರಲಿಲ್ಲ. ಇಂಥವರಿಗೆ ನೆರವಾಗಬೇಕಾದರೆ ಕಾನೂನು ಓದು ಎಂದು ತಾಯಿಯೇ ಮಗಳಿಗೆ ದಾರಿ ತೋರಿಸಿದರು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಗಂಡುಮಕ್ಕಳ ನಡುವೆ ಒಬ್ಬಳೇ ಹುಡುಗಿಯಾಗಿ ಓದಿ ಅವರು ಮೊದಲ ದರ್ಜೆಯಲ್ಲಿ ಪಾಸಾದರು. ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಅವರೇ. ಆ ವರ್ಷ ಎಲ್ಲರಿಗಿಂತ ಮುಂದೆ ಬಂದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರಿ ವಿದ್ಯಾರ್ಥಿವೇತನ ಸಿಗಬೇಕಿತ್ತು. ಮುಂದೆ ಬಂದವರು ಹೆಣ್ಣಾದ ಕಾರಣಕ್ಕೆ ಅದು ಸಿಗಲಿಲ್ಲ. ಅಂಕಗಳ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ, ಆ ಅಂಕ ಪಡೆದವರು ಯಾರು ಎಂಬುದೇ ಅಡ್ಡಿಯಾಯಿತು. ಕಾರ್ನೀಲಿಯಾ ಅಳುತ್ತ ಕೂರಲಿಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿಗೆ ಹೋಗಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಇತ್ತ ಇಂಗ್ಲೆಂಡಿನ ಹಿತೈಷಿಗಳು ಹಣ ಕೂಡಿಸಿದರು. ಹಾಗೆ ಹಣ ಕೊಟ್ಟವರಲ್ಲಿ ದಾದಿಯರ ಸೇವೆಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಒಬ್ಬರು.

ಆಕ್ಸ್‌ಫರ್ಡ್‌ನಲ್ಲಿ

1889ರಲ್ಲಿ ಕಾರ್ನೀಲಿಯಾ ಆಕ್ಸ್‌ಫರ್ಡ್‌ನ ಸೋಮರ್‌ವಿಲ್ ಸೇರಿದರು. ಅಲ್ಲಿ ಕಾನೂನು ಓದಿದ ಮೊದಲ ಮಹಿಳೆ ಅವರೇ. ಓದಲು ಅವಕಾಶ ಸಿಕ್ಕಿತು, ಆದರೆ ಪರೀಕ್ಷೆಯ ಹೊತ್ತಿಗೆ ಹೊಸ ತೊಡಕು ಎದುರಾಯಿತು. ಗಂಡಸರು ಬರೆಯುವ ಬಿಸಿಎಲ್ ಪರೀಕ್ಷೆಯನ್ನು ಹೆಂಗಸು ಬರೆಯುವ ಪದ್ಧತಿಯೇ ಇರಲಿಲ್ಲ. ಬೇರೆ ಪರೀಕ್ಷೆ ಬೇಡ, ಎಲ್ಲರ ಜೊತೆ ಕೂತು ಅದೇ ಪ್ರಶ್ನೆಪತ್ರಿಕೆಗೆ ಉತ್ತರಿಸುತ್ತೇನೆ ಎಂಬ ನಿಲುವಿನಿಂದ ಅವರು ಕದಲಲಿಲ್ಲ. ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಬೆಂಜಮಿನ್ ಜೋವೆಟ್ ಅಂಥ ಹಿರಿಯರು ಬೆಂಬಲಕ್ಕೆ ನಿಂತರು. ವಿಶ್ವವಿದ್ಯಾಲಯ ವಿಶೇಷ ನಿರ್ಣಯ ಮಾಡಿ ಅನುಮತಿ ಕೊಟ್ಟಿತು. 1892ರಲ್ಲಿ ಪರೀಕ್ಷೆ ಬರೆದು ಅವರು ಪಾಸಾದರು, ತೃತೀಯ ದರ್ಜೆಯಲ್ಲಿ.

ಈ ತೃತೀಯ ದರ್ಜೆಯ ವಿಷಯವನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಮೊದಲಿಗರಾದವರೆಲ್ಲ ರ‍್ಯಾಂಕ್ ತಂದಿರಲೇಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಅದೇ ದರ್ಜೆಯಲ್ಲಿ ಪಾಸಾದ ಗಂಡಸರು ಪದವಿ ಪಡೆದು ವಕೀಲರಾಗಬಹುದಿತ್ತು. ಕಾರ್ನೀಲಿಯಾ ಅವರ ಕೈಗೆ ಪದವಿ ಬರಲಿಲ್ಲ, ಏಕೆಂದರೆ ಆಕ್ಸ್‌ಫರ್ಡ್ ಮಹಿಳೆಯರಿಗೆ ಪದವಿ ಕೊಡಲು ಒಪ್ಪಿದ್ದೇ 1920ರಲ್ಲಿ. 1892ರಲ್ಲಿ ಬರೆದ ಪರೀಕ್ಷೆಗೆ ಅವರು ಪದವಿ ಪಡೆದದ್ದು 1922ರಲ್ಲಿ. ಆಗ ಅವರಿಗೆ ಐವತ್ತೈದು ದಾಟಿತ್ತು.

ಓದು ಮುಗಿಯಿತು, ಬಾಗಿಲು ತೆರೆಯಲಿಲ್ಲ

ಲಂಡನ್ನಿನ ಒಂದು ಸಾಲಿಸಿಟರ್ ಕಚೇರಿಯಲ್ಲಿ ಕೆಲಸ ಕಲಿತು 1894ರಲ್ಲಿ ಅವರು ಭಾರತಕ್ಕೆ ಮರಳಿದರು. ವಿಲಾಯತಿ ಪರೀಕ್ಷೆಗೆ ಇಲ್ಲಿ ಬೆಲೆ ಇಲ್ಲವೆಂದಾದಾಗ 1897ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಲ್‌ಎಲ್‌ಬಿ ಪಾಸು ಮಾಡಿದರು. ಅದೂ ಸಾಲದೆಂದಾದಾಗ 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲರ ಪರೀಕ್ಷೆ ಪಾಸು ಮಾಡಿದರು. ಮೂರು ಪರೀಕ್ಷೆಗಳಾದರೂ ವಕೀಲರ ಪಟ್ಟಿಯಲ್ಲಿ ಅವರ ಹೆಸರು ಸೇರಲಿಲ್ಲ. ಒಂದು ಅರ್ಹತೆ ಪೂರೈಸಿದ ಕೂಡಲೇ ಇನ್ನೊಂದು ಕೇಳುತ್ತಿದ್ದರು, ಎಲ್ಲ ಪೂರೈಸಿದ ಮೇಲೆ ಹೆಣ್ಣು ಎಂಬ ಕಾರಣ ಉಳಿದೇ ಇತ್ತು.

ಇದರ ನಡುವೆಯೂ ಅವರು ಸುಮ್ಮನಿರಲಿಲ್ಲ. ಆರೋಪಿಯ ಪರವಾಗಿ ವಕೀಲರಲ್ಲದವರೂ ನ್ಯಾಯಾಲಯದ ಅನುಮತಿ ಪಡೆದು ನಿಲ್ಲಬಹುದು ಎಂದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ಅವಕಾಶ ಇತ್ತು. ಅದನ್ನು ಹಿಡಿದು 1896ರಲ್ಲಿ ಪುಣೆಯಲ್ಲಿ ಕೊಲೆ ಆರೋಪ ಹೊತ್ತ ಒಬ್ಬ ಹೆಂಗಸಿನ ಪರವಾಗಿ ಬ್ರಿಟಿಷ್ ನ್ಯಾಯಾಧೀಶರ ಮುಂದೆ ನಿಂತರು. ದೇಶೀ ಸಂಸ್ಥಾನಗಳಲ್ಲೂ ಕೆಲವು ಪ್ರಕರಣ ನಡೆಸಿದರು. ಅಂಥದ್ದೊಂದರಲ್ಲಿ ಅವರ ಕಕ್ಷಿದಾರ ಒಂದು ಆನೆ! ಆ ಆನೆಯ ಮೇವಿಗೆಂದು ಹಿಂದಿನವರು ಬಿಟ್ಟುಕೊಟ್ಟಿದ್ದ ತೋಟವನ್ನು ಕಿತ್ತುಕೊಳ್ಳಲಾಗಿತ್ತು. ರಾಜ ತನ್ನ ನಾಯಿಗೆ ಈ ವಕೀಲೆ ಇಷ್ಟವಾದಳು ಎಂಬ ಕಾರಣಕ್ಕೆ ಅವರ ಪರವಾಗಿ ತೀರ್ಪು ಕೊಟ್ಟನಂತೆ. ಓದುವಾಗ ನನಗೆ ನಗು ಬಂತು. ಆದರೆ ಕಾರ್ನೀಲಿಯಾ ಅವರಿಗೆ ಅದು ಗೆಲುವು ಎನಿಸಲಿಲ್ಲ. ನಾಯಿಯ ಮರ್ಜಿಯಿಂದ ಗೆಲ್ಲಲು ಅವರು ಕಾನೂನು ಓದಿರಲಿಲ್ಲ.

ಪರದೆಯ ಒಳಗೆ

ಈಗ ಅವರ ಜೀವನದ ಮುಖ್ಯ ಭಾಗಕ್ಕೆ ಬರುತ್ತೇನೆ. ಆ ಕಾಲದಲ್ಲಿ ದೊಡ್ಡ ಜಮೀನ್ದಾರಿ ಮನೆತನಗಳಲ್ಲಿ, ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಅನೇಕ ಹೆಣ್ಣುಮಕ್ಕಳು ಪರದಾನಶೀನರು. ಹೊರಗಿನ ಗಂಡಸರ ಎದುರು ಬರುತ್ತಿರಲಿಲ್ಲ. ಕಾಗದದ ಮೇಲೆ ಅವರಿಗೆ ಆಸ್ತಿಯ ಹಕ್ಕಿತ್ತು. ಆದರೆ ವಕೀಲರೆಲ್ಲ ಗಂಡಸರು, ನ್ಯಾಯಾಧೀಶರು ಗಂಡಸರು, ಗುಮಾಸ್ತರು ಗಂಡಸರು. ಹೀಗಾಗಿ ಮನೆಯ ಕಾರಭಾರಿ ಅಥವಾ ದಾಯಾದಿ ಏನು ಹೇಳಿದರೆ ಅದೇ ಕಾನೂನು. ಪರದೆಯ ಕೆಳಗಿಂದ ಬಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಆಚೆ ಕಳಿಸುವುದಷ್ಟೇ ಅವರ ಪಾಲಿಗೆ ಉಳಿದದ್ದು.

ಯಾವ ಕಾನೂನೂ ಆ ಹೆಣ್ಣುಮಕ್ಕಳಿಗೆ ನ್ಯಾಯ ಕೊಡಬಾರದು ಎಂದು ಹೇಳಿರಲಿಲ್ಲ. ವಕೀಲರಾಗಿ ಅವರ ಹತ್ತಿರ ಹೋಗಬಲ್ಲವರಿಗೆ ವಕೀಲರಾಗುವ ಹಕ್ಕು ಇರಲಿಲ್ಲ, ಅಷ್ಟೇ. ಒಂದು ವೃತ್ತಿಯ ಬಾಗಿಲು ಕೆಲವರಿಗೆ ಮುಚ್ಚಿದಾಗ ನಷ್ಟ ಆಗುವುದು ಬಾಗಿಲ ಹೊರಗೆ ನಿಂತ ಆ ಒಬ್ಬರಿಗೆ ಮಾತ್ರವಲ್ಲ. ಅವರನ್ನು ನಂಬಿ ಕಾಯುತ್ತಿರುವ ನೂರಾರು ಜನರಿಗೂ ಆಗುತ್ತದೆ. ಕಾರ್ನೀಲಿಯಾ ಅವರ ಜೀವನದಿಂದ ನಾನು ಕಲಿತ ದೊಡ್ಡ ಪಾಠ ಇದು.

1902ರಿಂದ ಅವರು ಇದನ್ನೇ ಸರ್ಕಾರಕ್ಕೆ ಮತ್ತೆ ಮತ್ತೆ ಬರೆದು ತಿಳಿಸಿದರು. ಪರದೆಯಲ್ಲಿರುವ ಹೆಣ್ಣುಮಕ್ಕಳಿಗೆ ಸಲಹೆ ಕೊಡಲು ಒಬ್ಬ ಮಹಿಳಾ ಕಾನೂನು ಸಲಹೆಗಾರರು ಬೇಕು ಎಂಬುದು ಅವರ ಬೇಡಿಕೆ. ಕೊನೆಗೆ 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಮಹಿಳಾ ಸಹಾಯಕಿಯಾಗಿ ನೇಮಕವಾಯಿತು. ಹೆಸರಿನಲ್ಲಿ ಕೋರ್ಟ್ ಇದ್ದರೂ ಇದು ನಾವು ತಿಳಿದ ನ್ಯಾಯಾಲಯವಲ್ಲ. ಜಮೀನ್ದಾರರು ತೀರಿಕೊಂಡು ಆಸ್ತಿ ಚಿಕ್ಕ ಮಕ್ಕಳ ಅಥವಾ ವಿಧವೆಯರ ಪಾಲಿಗೆ ಬಂದಾಗ ಅದನ್ನು ಸರ್ಕಾರದ ಪರವಾಗಿ ನೋಡಿಕೊಳ್ಳುವ ಇಲಾಖೆ. ಕೆಲವೇ ವರ್ಷಗಳಲ್ಲಿ ಕಾರ್ನೀಲಿಯಾ ಅವರ ಕೆಲಸ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂವರೆಗೆ ಹಬ್ಬಿತು.

ರೈಲು, ದೋಣಿ, ಪಲ್ಲಕ್ಕಿ, ಆನೆ, ಸಿಕ್ಕಿದ್ದರಲ್ಲಿ ಹೋಗಿ ಅವರು ಜನಾನಾದ ಒಳಗೆ ಕೂತು ಮಾತಾಡುತ್ತಿದ್ದರು. ಲೆಕ್ಕದ ಪುಸ್ತಕ ತೆಗೆಸಿ ನೋಡುತ್ತಿದ್ದರು. ಕಾರಭಾರಿ ತೋರಿಸಿದ ಖರ್ಚು ನಿಜವೇ, ವಿಧವೆಗೆ ಬರಬೇಕಾದ ಜೀವನಾಂಶ ಬರುತ್ತಿದೆಯೇ, ಚಿಕ್ಕ ವಾರಸುದಾರನ ಓದಿಗೆ ಏನು ಏರ್ಪಾಡಾಗಿದೆ, ಮನೆಯಲ್ಲಿ ಅವನ ಜೀವಕ್ಕೆ ಅಪಾಯವಿಲ್ಲವಷ್ಟೇ, ಹೀಗೆ ಒಂದೊಂದನ್ನೂ ವಿಚಾರಿಸುತ್ತಿದ್ದರು. ನಮ್ಮ ಕಾಮರ್ಸ್ ವಿಭಾಗದ ಗೆಳೆಯರು ಗಮನಿಸಬೇಕು. ಇದರಲ್ಲಿ ಅರ್ಧ ಕಾನೂನಾದರೆ ಇನ್ನರ್ಧ ಅಕೌಂಟೆನ್ಸಿ. ಸುಮಾರು ಇಪ್ಪತ್ತು ವರ್ಷಗಳಲ್ಲಿ 600ಕ್ಕೂ ಹೆಚ್ಚು ಮಹಿಳೆಯರು ಮತ್ತು ಅನಾಥ ಮಕ್ಕಳಿಗೆ ಅವರಿಂದ ನೆರವಾಯಿತು ಎಂಬ ಅಂದಾಜಿದೆ. 1909ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು.

ನನಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ ಎಂದರೆ, ಮೊದಲು ನೀವು ಪರದೆ ಬಿಟ್ಟು ಹೊರಗೆ ಬನ್ನಿ, ಆಮೇಲೆ ನ್ಯಾಯ ಕೊಡಿಸುತ್ತೇನೆ ಎಂಬ ಷರತ್ತನ್ನು ಅವರು ಹಾಕಲಿಲ್ಲ. ಆ ಹೆಣ್ಣುಮಕ್ಕಳು ಎಲ್ಲಿದ್ದರೋ, ಹೇಗಿದ್ದರೋ, ಅಲ್ಲಿಗೇ ಕಾನೂನನ್ನು ಒಯ್ದರು.

ವ್ಯಕ್ತಿ ಎಂದರೆ ಯಾರು?

ಇಷ್ಟು ಕೆಲಸ ಮಾಡುತ್ತಿದ್ದರೂ ಅವರು ಕಾನೂನಿನ ಕಣ್ಣಿಗೆ ವಕೀಲರಾಗಿರಲಿಲ್ಲ. ಆಗ ಜಾರಿಯಲ್ಲಿದ್ದ 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆಯಲ್ಲಿ ಅರ್ಹತೆ ಇರುವ ವ್ಯಕ್ತಿ ವಕೀಲರಾಗಬಹುದು ಎಂಬ ಅರ್ಥದ ಮಾತಿತ್ತು. 1916ರಲ್ಲಿ ರೆಜಿನಾ ಗುಹಾ ಎಂಬ ಯುವತಿ ಕಲ್ಕತ್ತಾ ಹೈಕೋರ್ಟಿಗೆ ಅರ್ಜಿ ಹಾಕಿದಾಗ, ಇಲ್ಲಿ ವ್ಯಕ್ತಿ ಎಂದರೆ ಗಂಡಸು ಮಾತ್ರ ಎಂದು ತೀರ್ಪು ಬಂತು. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೆ ಪಾಟ್ನಾ ಹೈಕೋರ್ಟಿನಲ್ಲೂ ಅದೇ ಉತ್ತರ ಸಿಕ್ಕಿತು.

ಆದರೆ ಅದೇ 1921ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಕಾರ್ನೀಲಿಯಾ ಅವರ ಹೆಸರನ್ನು ವಕೀಲರ ಪಟ್ಟಿಗೆ ಸೇರಿಸಿತು. ಹಿಂದೆ ಬೇಡವೆಂದಿದ್ದ ನ್ಯಾಯಾಲಯವೇ ಇಪ್ಪತ್ತೆರಡು ವರ್ಷಗಳ ನಂತರ ಬನ್ನಿ ಎಂದಿತು. ಒಂದು ಹೈಕೋರ್ಟ್ ಒಳಗೆ ಬಿಡುತ್ತದೆ, ಇನ್ನೆರಡು ಬಿಡುವುದಿಲ್ಲ ಎಂಬ ಗೊಂದಲ ಹೆಚ್ಚು ದಿನ ನಡೆಯುವಂತಿರಲಿಲ್ಲ. 1923ರಲ್ಲಿ ಲೀಗಲ್ ಪ್ರಾಕ್ಟೀಷನರ್ಸ್ (ವಿಮೆನ್) ಕಾಯಿದೆ ಬಂತು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಕೀಲಿ ವೃತ್ತಿಯಿಂದ ದೂರವಿಡುವಂತಿಲ್ಲ ಎಂದು ಅದು ಹೇಳಿತು. ಅದೇ ವರ್ಷ ಮಿಥನ್ ಟಾಟಾ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದರು. ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಮಾಡಿದ ಮೊದಲ ಮಹಿಳೆ ಅವರು.

1924ರಲ್ಲಿ ಕಾರ್ನೀಲಿಯಾ ಕಲ್ಕತ್ತಾದಲ್ಲಿ ವಕೀಲಿ ಆರಂಭಿಸಿದರು. ಕಾನೂನು ಬದಲಾಗಿತ್ತು, ಆದರೆ ಕಚೇರಿಗಳಲ್ಲಿ ಕೂತ ಜನರ ಮನಸ್ಸು ಬದಲಾಗಿರಲಿಲ್ಲ. ಮಹಿಳೆಗೆ ಪ್ರಕರಣ ಒಪ್ಪಿಸಿ ವಾದ ಮಾಡಿಸಲು ಹಿಂಜರಿದರು. ಮುಖ್ಯವಾಗಿ ಕಾಗದಪತ್ರ ನೋಡಿ ಅಭಿಪ್ರಾಯ ಬರೆದುಕೊಡುವ ಕೆಲಸವೇ ಅವರ ಪಾಲಿಗೆ ಬಂತು. 1929ರಲ್ಲಿ ನಿವೃತ್ತರಾಗಿ ಲಂಡನ್ನಿನಲ್ಲಿ ನೆಲೆಸಿದರು. 1934ರಲ್ಲಿ ಆತ್ಮಕಥೆ ಪ್ರಕಟಿಸಿದರು. 1954ರ ಜುಲೈ 6ರಂದು ಅಲ್ಲೇ ತೀರಿಕೊಂಡರು. ಲಿಂಕನ್ಸ್ ಇನ್‌ನಲ್ಲಿ ಅವರ ಪ್ರತಿಮೆ ಸ್ಥಾಪನೆಯಾದದ್ದು 2012ರಲ್ಲಿ.

ಒಪ್ಪಲು ಕಷ್ಟವಾದ ಮಾತು

ಸಾಧಕರ ಚರಿತ್ರೆ ಎಂದರೆ ಬರೀ ಹೊಗಳಿಕೆಯಾಗಬಾರದು. ಕಾರ್ನೀಲಿಯಾ ಬ್ರಿಟಿಷ್ ಆಡಳಿತವನ್ನು ಕೊನೆಯವರೆಗೂ ಬೆಂಬಲಿಸಿದರು. ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. 1927ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೋ ಭಾರತವನ್ನು ಹೀನಾಯವಾಗಿ ಚಿತ್ರಿಸಿ ಪುಸ್ತಕ ಬರೆದಾಗ ದೇಶವೆಲ್ಲ ಸಿಟ್ಟಾಯಿತು, ಕಾರ್ನೀಲಿಯಾ ಮಾತ್ರ ಮೇಯೋ ಪರ ನಿಂತರು. ಇದರಿಂದ ಅವರ ಜೊತೆ ಕೆಲಸ ಮಾಡುತ್ತಿದ್ದ ಅನೇಕರು ದೂರವಾದರು, ಅವರ ಸಮಾಜಸೇವೆಗೂ ಪೆಟ್ಟು ಬಿತ್ತು. ಸ್ವಾತಂತ್ರ್ಯ ಹೋರಾಟದ ಪಾಠ ಓದುತ್ತಿರುವ ನನಗೆ ಈ ಭಾಗ ಒಪ್ಪಿಗೆಯಾಗಲಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಸಿಗದಿರಲು ಇದೂ ಒಂದು ಕಾರಣವಿರಬಹುದು. ಆದರೂ ರಾಜಕೀಯದಲ್ಲಿ ಅವರು ತಳೆದ ನಿಲುವಿನಿಂದ ಆ ಆರುನೂರು ಮನೆಗಳಲ್ಲಿ ಮಾಡಿದ ಕೆಲಸ ಅಳಿಸಿಹೋಗುವುದಿಲ್ಲ ಎಂದು ನನಗನಿಸುತ್ತದೆ.

ಇಂದು ನಮಗೆ ಏಕೆ ಬೇಕು?

ಇದೆಲ್ಲ ಹಳೆಯ ಕಥೆ, ಈಗ ಏನಿದೆ ತೊಂದರೆ ಎಂದು ಯಾರಾದರೂ ಕೇಳಬಹುದು. ಕಳೆದ ವರ್ಷ ನನ್ನ ಖಾಲಾಗೆ ತವರಿನ ಮನೆಯ ವಿಷಯದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಸಂದರ್ಭ ಬಂತು. ಅದರಲ್ಲಿ ಏನು ಬರೆದಿದೆ ಎಂದು ಕೇಳಲು ಅವರಿಗೆ ಸಂಕೋಚ. ಗಂಡಸರು ತುಂಬಿರುವ ವಕೀಲರ ಕಚೇರಿಗೆ ಹೋಗಿ ಮನೆಯ ಮಾತು ಆಡಲು ಇನ್ನೂ ಸಂಕೋಚ. ಪರಿಚಯದ ಒಬ್ಬ ಮಹಿಳಾ ವಕೀಲರು ಸಿಕ್ಕ ಮೇಲೆ, ಅವರ ಮನೆಯಲ್ಲೇ ಕೂತು ಒಂದು ಗಂಟೆ ಮಾತಾಡಿದರು. ಎಲ್ಲ ತಿಳಿದುಕೊಂಡ ಮೇಲೆ ಸಹಿ ಹಾಕುವುದೋ ಬೇಡವೋ ಎಂದು ತಾವೇ ತೀರ್ಮಾನಿಸಿದರು. ಖಾಲಾ ಓದು ಬಲ್ಲವರು, ಅಂಗಡಿ ಲೆಕ್ಕ ಬರೆಯುವವರು. ಅವರಿಗೂ ತನ್ನ ಮಾತು ಅರ್ಥವಾಗುವ ಒಬ್ಬರು ಎದುರಿಗೆ ಬೇಕಾಯಿತು.

ಉನ್ನತ ಹುದ್ದೆಗಳಲ್ಲೂ ಬದಲಾವಣೆ ನಿಧಾನವಾಗಿಯೇ ಬಂದಿದೆ. ಸುಪ್ರೀಂ ಕೋರ್ಟ್ ಶುರುವಾದದ್ದು 1950ರಲ್ಲಿ. ಅಲ್ಲಿಗೆ ಮೊದಲ ಮಹಿಳಾ ನ್ಯಾಯಮೂರ್ತಿ ಬರಲು 39 ವರ್ಷ ಹಿಡಿಯಿತು. 1989ರಲ್ಲಿ ಆ ಸ್ಥಾನಕ್ಕೇರಿದವರು ಕೇರಳದ ಪತ್ತನಂತಿಟ್ಟದ ಎಂ. ಫಾತಿಮಾ ಬೀವಿ ಎಂಬುದು ನಮಗೆಲ್ಲ ಹೆಮ್ಮೆ. ನಮ್ಮ ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಬಳ್ಳಾರಿಯ ಮಂಜುಳಾ ಚೆಲ್ಲೂರ್ ಅವರು ಬಂದದ್ದು 2000ದಲ್ಲಿ. ವ್ಯಾಪಾರ ಜಗತ್ತೂ ಬೇರೆಯಲ್ಲ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳಾ ನಿರ್ದೇಶಕಿಯಾದರೂ ಇರಬೇಕು ಎಂದು 2013ರ ಕಂಪನಿ ಕಾಯಿದೆ ಹೇಳಬೇಕಾಯಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯಿದೆ ಬಂದದ್ದೂ ಅದೇ ವರ್ಷ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು ಎಂದು ಅದರಲ್ಲಿದೆ. ಏಕೆ ಮಹಿಳೆಯೇ? ಕಾರ್ನೀಲಿಯಾ ಅವರ ಕಥೆ ಓದಿದ ಮೇಲೆ ಇದಕ್ಕೆ ಬೇರೆ ವಿವರಣೆ ಬೇಕಿಲ್ಲ. ನಮ್ಮ ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಪಾಳಿಗೆ ಹೋಗುವ ಅಕ್ಕಂದಿರು, ಅಮ್ಮಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಈ ಎರಡು ಸಾಲು ಅವರಿಗೆ ಗೊತ್ತಿರಲಿ ಎಂದು ಬರೆದಿದ್ದೇನೆ.

ಇನ್ನೊಂದು ವಿಷಯವೂ ಗೊತ್ತಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮೈಸೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಸಹಾಯವಾಣಿ 15100.

ಕಾನೂನು ಓದಲು ಇಷ್ಟವಿರುವ ಗೆಳತಿಯರು ಮತ್ತು ಗೆಳೆಯರಿಗೆ ಒಂದು ಮಾತು. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನೇ ಓದಿದ್ದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಮೈಸೂರಿನಲ್ಲೇ ಜೆಎಸ್‌ಎಸ್, ವಿದ್ಯಾವರ್ಧಕ, ಶಾರದಾವಿಲಾಸ ಕಾನೂನು ಕಾಲೇಜುಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗಬೇಕೆನ್ನುವವರು ಸಿಎಲ್‌ಎಟಿ ಪರೀಕ್ಷೆ ಬರೆಯಬೇಕು. ನಮಗೆ ಬಾಗಿಲು ಮುಚ್ಚಿಲ್ಲ. ಫಾರಂ ತುಂಬಿ ಪರೀಕ್ಷೆ ಬರೆದರೆ ಸಾಕು, ಮೂವತ್ತು ವರ್ಷ ಕಾಯಬೇಕಿಲ್ಲ.

ಈ ಲೇಖನ ಬರೆಯುವ ಹೊತ್ತಿಗೆ ನೆಂಟರಿಗೆ ಕೊಡಬೇಕಾದ ಉತ್ತರ ನನಗೆ ಸಿಕ್ಕಿದೆ. ಟೀಚರ್ ಆಗುವುದು ಒಳ್ಳೆಯದೇ, ನನಗೆ ಪಾಠ ಹೇಳಿದವರೆಲ್ಲ ಟೀಚರುಗಳೇ. ಆದರೆ ಖಾಲಾರಂಥವರು ಬಂದು ಕೂತು ಮಾತಾಡಲು ಹೂಟಗಳ್ಳಿಯಲ್ಲೂ ಒಬ್ಬ ವಕೀಲೆಯ ಕಚೇರಿ ಬೇಕು. ಅದರ ಬೋರ್ಡಿನ ಮೇಲೆ ಯಾರ ಹೆಸರಿರಬೇಕು ಎಂದು ನಾನು ಯೋಚಿಸಿಟ್ಟಿದ್ದೇನೆ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ